ರಾತ್ರಿ ಹತ್ತರ ಮೇಲೆ ಸ್ವಂತ ವೆಬ್‌ಸೈಟು, ಜೊತೆಗೆ ಆಂಬಿಯೆಂಟ್ ಸಂಗೀತ

ತಂಬೂರಿ ಮೀಟುತ್ತಲೇ ಇದೆ, ಗವಾಯಿ ಮಾತ್ರ ವೇದಿಕೆಗೆ ಬರುವುದೇ ಇಲ್ಲ, ಬರಲಿಲ್ಲವಲ್ಲ ಎಂದು ಯಾರಿಗೂ ಬೇಜಾರಿಲ್ಲ. ಆಂಬಿಯೆಂಟ್ ಎಲೆಕ್ಟ್ರಾನಿಕ್ ಸಂಗೀತವನ್ನು ನಮ್ಮವರಿಗೆ ವಿವರಿಸಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ತಾಳವಿಲ್ಲ, ಸಾಹಿತ್ಯವಿಲ್ಲ, ಸ್ವರಗಳು ನಿಧಾನಕ್ಕೆ ಏರಿ ನಿಧಾನಕ್ಕೆ ಕರಗುತ್ತವೆ. ಸ್ವಂತ ವೆಬ್‌ಸೈಟಿನ ಕೆಲಸವೂ ಅದೇ ಜಾತಿಯದು. ಒಂದು ಸಾಲು ಬದಲಿಸು, ಸೇವ್ ಮಾಡು, ರಿಫ್ರೆಶ್ ಒತ್ತಿ ನೋಡು, ಮತ್ತೆ ಒಂದು ಸಾಲು. ಎರಡನ್ನೂ ಎಲ್ಲಿ ಬೇಕಾದರೂ ಬಿಟ್ಟು ಏಳಬಹುದು, ಮರುದಿನ ಎಲ್ಲಿಂದ ಬೇಕಾದರೂ ಹಿಡಿಯಬಹುದು. ಮುಂಬಯಿಯ ಒಂದು ರೂಮು-ಕಿಚನ್ ಮನೆಯಲ್ಲಿ ಮಿಕ್ಕವರು ಮಲಗಿದ ಮೇಲೆ ಯಾರ ನಿದ್ದೆಯನ್ನೂ ಕೆಡಿಸದೆ ಮಾಡಬಹುದಾದ ಕೆಲಸಗಳು ಬಹಳ ಇಲ್ಲ, ಇದು ಅವುಗಳಲ್ಲೊಂದು. ಆದರೆ ಎರಡೂ ಸಣ್ಣ ಸಣ್ಣ ಕಾರಣಕ್ಕೇ ಕೆಡುತ್ತವೆ. ಆ ಕಾರಣಗಳನ್ನು ಮೊದಲೇ ತೆಗೆದುಹಾಕುವುದು ಹೇಗೆಂದು ಇಲ್ಲಿದೆ.

ಯಾವ ಸಂಗೀತ

ಕುರ್ಚಿ ಮೇಜಿನ ಹಾಗೆ ಕೋಣೆಯಲ್ಲಿ ಸುಮ್ಮನೆ ಇದ್ದುಬಿಡುವ ಸಂಗೀತ ಬೇಕು ಎಂಬ ಯೋಚನೆ ಫ್ರಾನ್ಸಿನ ಎರಿಕ್ ಸಾಟಿಗೆ 1917ರಲ್ಲೇ ಬಂದಿತ್ತು. ಆಂಬಿಯೆಂಟ್ ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು 1978ರಲ್ಲಿ, ಇಂಗ್ಲೆಂಡಿನ ಬ್ರಯಾನ್ ಈನೊ ವಿಮಾನ ನಿಲ್ದಾಣಕ್ಕೆಂದೇ ಒಂದು ಧ್ವನಿಮುದ್ರಿಕೆ ಹೊರತಂದಾಗ. ನಮ್ಮಲ್ಲಿ ಇದು ತೀರ ಹೊಸದು ಅಂದುಕೊಳ್ಳಬೇಕಿಲ್ಲ: ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಕಂಪನಿಯ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಬಂದು, ಅಲ್ಲಿ ಎಲೆಕ್ಟ್ರಾನಿಕ್ ಸ್ಟುಡಿಯೊ ನಡೆದಿತ್ತು. ಇನ್ನು ಮುಂಬಯಿಯದೇ ಬೇಕೆಂದು ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಜರಿನಲ್ಲಿ ನುಡಿಸಿದ ರಾಗಗಳನ್ನು ಹಚ್ಚುವವರಿದ್ದಾರೆ. ಕೇಳಲೇಬೇಕಾದದ್ದು ನಿಜ, ಆದರೆ ಅದು ಡಿಸ್ಕೊ ಲಯ. ಕಾಲು ಕುಣಿಯುತ್ತದೆ, ಕೋಡ್ ನಿಲ್ಲುತ್ತದೆ. ಹಾಗೆಯೇ ಖಯಾಲ್ ಕೂಡ ಬೇಡ. ಭೀಮಸೇನ ಜೋಶಿಯವರು ಷಡ್ಜ ಹಚ್ಚಿದ ಮೇಲೆ ಪುಟದ ಅಂದ ತೀರ್ಮಾನಿಸುವ ಕೋಡಾದ ಸಿಎಸ್‌ಎಸ್‌ನ ಮಾರ್ಜಿನ್ ಕಡೆ ಯಾರ ಲಕ್ಷ್ಯ ಇರುತ್ತದೆ?

ಆರಿಸುವಾಗ ನೋಡಬೇಕಾದದ್ದು ಮೂರು. ಒಂದೊಂದು ಟ್ರ್ಯಾಕ್ 15 ನಿಮಿಷಕ್ಕಿಂತ ಉದ್ದ ಇರಲಿ, ಮನುಷ್ಯರ ಮಾತು ಇರದಿರಲಿ, ದನಿಯಲ್ಲಿ ಹಠಾತ್ ಏರಿಳಿತ ಇರದಿರಲಿ. ಪರೀಕ್ಷೆ ಸುಲಭ: ಟ್ರ್ಯಾಕಿನ ನಡುವಿನಿಂದ ಹಚ್ಚಿ ಒಂದು ಪ್ಯಾರಾ ಕನ್ನಡ ಓದಿ. ಅದೇ ಸಾಲನ್ನು ಎರಡು ಸಲ ಓದುವಂತಾದರೆ ಆ ಸಂಗೀತವನ್ನು ಭಾನುವಾರ ಬೆಳಿಗ್ಗೆಗೆ ಎತ್ತಿಡಿ. ಬರವಣಿಗೆ ಮಾಡುವಾಗ ಬರೀ ಶ್ರುತಿಯಂತೆ ಎಡೆಬಿಡದೆ ನಿಲ್ಲುವ ಸ್ವರ, ಅಂದರೆ ಡ್ರೋನ್, ಒಳ್ಳೆಯದು. ಬಣ್ಣ, ಅಂತರ, ಚಿತ್ರದ ಅಳತೆ ಸರಿಮಾಡುವಾಗ ಹಿಂದೆ ಮೆಲ್ಲನೆ ಮಿಡಿಯುವ ಲಯ ಇದ್ದರೂ ನಡೆದೀತು. ತಪ್ಪು ಹುಡುಕುವಾಗ ಮಾತ್ರ ನಿಲ್ಲಿಸಿಬಿಡಿ. ಪುಟ ಯಾಕೆ ಒಡೆದಿದೆ ಎಂದು ಗೊತ್ತಾಗದ ಹೊತ್ತಿನಲ್ಲಿ ಎಂಥ ಮಧುರ ಸ್ವರವೂ ಸೊಳ್ಳೆಯೇ.

ಪ್ಲೇಯರಿನಲ್ಲಿ ಶಫಲ್ ಆಫ್ ಮಾಡಿ. ಆಲ್ಬಂ ಮುಗಿದ ಮೇಲೆ ಅದರಂಥದ್ದೇ ಬೇರೆ ಹಾಡು ತಾನಾಗಿ ಹಚ್ಚುವ ಆಟೊಪ್ಲೇಯನ್ನೂ ಆಫ್ ಮಾಡಿ, ಇಲ್ಲವಾದರೆ ಒಂದು ಗಂಟೆಗೆ ಸರಿಯಾಗಿ ಯಾರೋ ಹಾಡಲು ಶುರುಮಾಡುತ್ತಾರೆ. ಟ್ರ್ಯಾಕುಗಳ ನಡುವೆ ಖಾಲಿ ಬಿಡದ ಗ್ಯಾಪ್‌ಲೆಸ್ ಇರಲಿ, ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಡಿ, ಏಕೆಂದರೆ ಬೇರೆ ಬೇರೆ ಶ್ರುತಿಯ ಎರಡು ಡ್ರೋನ್ 10 ಸೆಕೆಂಡು ಒಂದರ ಮೇಲೊಂದು ಬಿದ್ದರೆ ಹಲ್ಲು ಕಡಿಯುವಂತಾಗುತ್ತದೆ. ಎಲ್ಲ ಟ್ರ್ಯಾಕಿನ ದನಿಯನ್ನು ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಹಚ್ಚಿರಲಿ. ವಿಡಿಯೊ ತಾಣಗಳಲ್ಲಿ 10 ಗಂಟೆಯ ಕಂತುಗಳಿರುತ್ತವೆ, ನಡುವೆ ಜಾಹೀರಾತು ಹರಿಹಾಯುತ್ತದೆ. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಒಂದಕ್ಕೆ ಅದನ್ನು ಕೇಳುವುದು ಎದೆಗೆ ಒಳ್ಳೆಯದಲ್ಲ. ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವುದೇ ಮೇಲು. ಸಂಗೀತದ ಗುಣಮಟ್ಟ 160 ಕೆಬಿಪಿಎಸ್ (ಸೆಕೆಂಡಿಗೆ ಕಿಲೊಬಿಟ್) ಇದ್ದರೆ ಗಂಟೆಗೆ 72 ಎಂಬಿ, 320ಕ್ಕೆ 144 ಎಂಬಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಸೈಟಿನ ಕೆಲಸ ಮಾಡುವವರಿಗೆ ಈ ಲೆಕ್ಕ ಬೇಕಾಗುತ್ತದೆ.

ಕೋಣೆ ಮತ್ತು ಗುಂಯ್

ದನಿ ಎಷ್ಟಿರಬೇಕು ಎನ್ನುವುದಕ್ಕೆ ಅಳತೆ ತಲೆಯ ಮೇಲೇ ತಿರುಗುತ್ತಿದೆ. ಫ್ಯಾನನ್ನು ದಿನಾ ಇಡುವ ವೇಗಕ್ಕೆ ಇಟ್ಟು, ಸಂಗೀತವನ್ನು ಪೂರ್ತಿ ಇಳಿಸಿ, ಫ್ಯಾನಿನ ಸದ್ದಿನಿಂದ ಅದು ಈಗಷ್ಟೇ ಬೇರೆಯಾಗಿ ಕೇಳುವ ತನಕ ಏರಿಸಿ. ಅಲ್ಲಿಗೆ ನಿಲ್ಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿಯ ತಗಡಿನ ಮೇಲೆ ಮಳೆ ಬೀಳುವಾಗ ಅದನ್ನು ಮೀರಿಸಲು ದನಿ ಏರಿಸಲು ಹೋಗಬೇಡಿ. ಈ ಸಂಗೀತ ಮಳೆಯ ಜೊತೆ ಬೆರೆಯುತ್ತದೆ, ಅದು ಅದರ ಗುಣ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಕಾನೂನಿನ ಮಿತಿ 45 ಡೆಸಿಬಲ್. ಅಷ್ಟರೊಳಗೇ ಆಂಬಿಯೆಂಟ್ ಚೆನ್ನಾಗಿ ಕೇಳುತ್ತದೆ. ಪಕ್ಕದ ಮನೆಗೆ ಹೋಗುವುದು ಕೆಳಗಿನ ಸ್ವರಗಳು ಮಾತ್ರ, ಗೋಡೆ ಅವನ್ನು ತಡೆಯುವುದಿಲ್ಲ. ಈಕ್ವಲೈಜರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಸ್ಪೀಕರ್ ಕೆಳಗೆ ಮಡಿಸಿದ ಟವೆಲ್ ಇಡಿ. ಮೇಜು ನಡುಗಿದರೆ ಕೆಳಗಿನ ಮನೆಯವರ ಛಾವಣಿಯೂ ನಡುಗುತ್ತದೆ.

ಇಷ್ಟು ಸಣ್ಣ ದನಿಯಲ್ಲಿ ಕೇಳುವಾಗ ಮಿಕ್ಕ ಸಂಗೀತದಲ್ಲಿ ಮುಚ್ಚಿಹೋಗುವ ದೋಷಗಳೆಲ್ಲ ಮೇಲೆದ್ದು ಬರುತ್ತವೆ. ಎಲ್ಲಕ್ಕಿಂತ ದೊಡ್ಡದು ಗುಂಯ್ ಎನ್ನುವ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಗುಂಯ್ ನಿಂತರೆ ಅದು ಗ್ರೌಂಡ್ ಲೂಪ್: ಚಾರ್ಜರ್ ಒಂದು ಬೋರ್ಡಿನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದು, ಎರಡರ ಅರ್ಥಿಂಗ್ ನಡುವೆ ಆಡಿಯೊ ವೈರಿನ ಮೂಲಕ ಕರೆಂಟ್ ಹರಿಯುತ್ತಿದೆ. ನಮ್ಮ ಸಪ್ಲೈ 50 ಹರ್ಟ್ಸ್, ಆದ್ದರಿಂದ ಕೇಳುವುದು 50 ಮತ್ತು 100 ಹರ್ಟ್ಸ್. ಎರಡನ್ನೂ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸಬೇಕು. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಠೆಯ ತಾಪಕೀರ್ ಗಲ್ಲಿ ಇಂಥ ಸಾಮಾನಿಗೆ ಸರಿಯಾದ ಜಾಗ. ಅರ್ಥಿಂಗ್ ಪಿನ್ ಮುರಿದು ಗುಂಯ್ ನಿಲ್ಲಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಶಾಕ್ ಹೊಡೆಯುತ್ತದೆ. ಚಾರ್ಜರ್ ಕಿತ್ತರೂ ಸದ್ದು ನಿಲ್ಲದಿದ್ದರೆ ಫ್ಯಾನ್ ರೆಗ್ಯುಲೇಟರ್ ನೋಡಿ. ಗುಂಡಿ ತಿರುಗಿಸಿದಂತೆ ಸದ್ದು ಬದಲಾಗುತ್ತದೆಯೇ? ಹಾಗಿದ್ದರೆ ಆಡಿಯೊ ವೈರನ್ನು ಕರೆಂಟ್ ವೈರಿನಿಂದ ದೂರ ಎಳೆಯಿರಿ.

ಪುಣೆಯಲ್ಲಿ ದುರಸ್ತಿಗೆಂದು ಕರೆಂಟ್ ತೆಗೆಯುವುದು ಸಾಮಾನ್ಯವಾಗಿ ಗುರುವಾರ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನೂ ಕೂಗುತ್ತದೆ, ಸ್ಪೀಕರೂ ಕೂಗುತ್ತದೆ. ಅಂದು ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್, ಹೆಡ್‌ಫೋನ್ ಎರಡೇ ಸಾಕು.

ಹೆಡ್‌ಫೋನ್ ಕೊಳ್ಳುವವರು ಒಂದು ಮಾತು ನೆನಪಿಡಿ. ಕಡಲ ತೇವಕ್ಕೆ ರೆಕ್ಸಿನ್ ಕುಶನ್ ಎರಡು ಮಳೆಗಾಲದಲ್ಲಿ ಸಿಪ್ಪೆ ಸುಲಿಯುತ್ತದೆ, ಕಿವಿಗೆಲ್ಲ ಕಪ್ಪು ಚೂರು. ಬಟ್ಟೆಯ ಕುಶನ್ ಬಾಳಿಕೆ ಬರುತ್ತದೆ, ಬೆವರೂ ಕಡಿಮೆ. ಜಾಕ್ ತಿರುಗಿಸಿದಾಗ ಕರಕರ ಎಂದರೆ ಅದು ಕಿಲುಬು: ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಜಾಕ್ ಒರೆಸಿ, ಅದನ್ನೇ ಹತ್ತು ಸಲ ಹಾಕಿ ತೆಗೆಯಿರಿ, ಸಾಕು.

ಸೈಟಿನ ಕೆಲಸ, ಕನ್ನಡದ ಕಷ್ಟ

ರಾತ್ರಿ ಕೂರುವ ಮುಂಚೆ ಒಂದು ಚೀಟಿಯಲ್ಲಿ ಒಂದೇ ಕೆಲಸ ಬರೆದುಕೊಳ್ಳಿ. ಸೈಟ್ ಹೊಸದಾಗಿ ಕಟ್ಟುವುದು ಎನ್ನುವುದು ಒಂದು ರಾತ್ರಿಯ ಕೆಲಸವಲ್ಲ. ಸಾಲಿನ ಅಂತರ ಸರಿಮಾಡುವುದು ಒಂದು ರಾತ್ರಿಯದು.

ಆ ಸಾಲಿನ ಅಂತರದಿಂದಲೇ ಶುರುಮಾಡೋಣ. ಸಿದ್ಧ ಟೆಂಪ್ಲೇಟುಗಳಲ್ಲಿ ಲೈನ್-ಹೈಟ್ 1.5 ಇರುತ್ತದೆ. ಅದು ಇಂಗ್ಲಿಷಿನ ಅಳತೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ನೇತಾಡುತ್ತದೆ, ಮೇಲೆ ಗುಡಿಸು ಏರುತ್ತದೆ. ‘ಸ್ವಾತಂತ್ರ್ಯ’ ಎಂದು ಒಂದು ಸಾಲಿನಲ್ಲಿ ಬರೆದು, ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಬರುವಂತೆ ಮಾಡಿ ನೋಡಿ, ತ್ರ್ಯದ ಬಾಲ ಕೆಳಗಿನ ಗುಡಿಸಿನ ತಲೆಗೆ ಹೋಗಿ ತಗಲುತ್ತದೆ. 1.75 ಇಡಿ. ತಲೆಬರಹಗಳಿಗೆ ಟೆಂಪ್ಲೇಟಿನವರು ಲೆಟರ್-ಸ್ಪೇಸಿಂಗ್ ಕಡಿಮೆ ಮಾಡಿರುತ್ತಾರೆ. ಕನ್ನಡದಲ್ಲಿ ಅದು ಅಕ್ಷರಗಳನ್ನು ಒಂದರ ಮೇಲೊಂದು ಹತ್ತಿಸುತ್ತದೆ, ಸೊನ್ನೆ ಮಾಡಿ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಒಂದು ನಂಬಿಗಸ್ತ ಆಯ್ಕೆ. ತಲೆಬರಹಕ್ಕೆ ಗುಂಡುಗುಂಡಗೆ ಬೇಕೆಂದರೆ ಬಲೂ ತಮ್ಮ ಇದೆ, ನಮ್ಮ ಮುಂಬಯಿಯ ಏಕ್ ಟೈಪ್ ತಂಡದ್ದೇ, ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಆದರೆ ಅದರಲ್ಲಿ ಇಡೀ ಲೇಖನ ಕೂರಿಸಿದರೆ ಮದುವೆ ಕರೆಯೋಲೆ ಓದಿದಂತಾಗುತ್ತದೆ. ಫಾಂಟ್ ಫೈಲನ್ನು ಚಿಕ್ಕದು ಮಾಡುವ ಆನ್‌ಲೈನ್ ಪರಿಕರಗಳಲ್ಲಿ ಕೆಲವು ಅಕ್ಷರ ಜೋಡಣೆಯ ನಿಯಮಗಳನ್ನೂ ಕತ್ತರಿಸಿ ಎಸೆಯುತ್ತವೆ. ಆಗ ‘ಸ್ತ್ರೀ’ ಹೋಗಿ ‘ಸ್‌ತ್‌ರೀ’ ಆಗುತ್ತದೆ. ಚಿಕ್ಕದು ಮಾಡಿದ ಮೇಲೆ ‘ಸ್ತ್ರೀ’, ‘ಸೂರ್ಯ’, ‘ಲಕ್ಷ್ಮಿ’ ಈ ಮೂರು ಪದ ಇಟ್ಟು ನೋಡುವ ಅಭ್ಯಾಸ ಇರಲಿ.

ಇನ್ನೊಂದು ಕಾಣದ ಕಳ್ಳ. ‘ಬ್ಲಾಗ್‌ಗಳು’ ಎಂದು ಬರೆದದ್ದು ಸೈಟಿನಲ್ಲಿ ‘ಬ್ಲಾಗ್ಗಳು’ ಎಂದು ಬಂದರೆ, ಗ್ ಮತ್ತು ಗ ನಡುವೆ ಇದ್ದ, ಅಗಲವೇ ಇಲ್ಲದ ಒಂದು ಅಕ್ಷರ ದಾರಿಯಲ್ಲಿ ಎಲ್ಲೋ ಉದುರಿದೆ. ಯುನಿಕೋಡ್‌ನಲ್ಲಿ ಅದರ ಹೆಸರು ಝೀರೊ ವಿಡ್ತ್ ನಾನ್-ಜಾಯ್ನರ್. ‘ಬೇಡದ ಅಕ್ಷರ ತೆಗೆ’ ಎನ್ನುವ ಸೌಲಭ್ಯಗಳು ಇದನ್ನೂ ಕಸ ಎಂದೇ ಗುಡಿಸುತ್ತವೆ. ಅಂಥದ್ದನ್ನು ಕನ್ನಡ ಫೈಲುಗಳ ಮೇಲೆ ಓಡಿಸಬೇಡಿ.

ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಸಣ್ಣಕ್ಷರದಲ್ಲಿ ಇರಲಿ. ವಿಳಾಸದಲ್ಲಿ ಬರುವ ಒಂದೊಂದು ಕನ್ನಡ ಚಿಹ್ನೆ ಕಾಪಿ ಮಾಡಿದಾಗ 9 ಅಕ್ಷರವಾಗಿ ಹಿಗ್ಗುತ್ತದೆ. ‘ಮುಂಬಯಿ’ ಎಂಬ ಪುಟ್ಟ ಪದ ವಾಟ್ಸ್‌ಆ್ಯಪಿನಲ್ಲಿ 54 ಅಕ್ಷರದ ಗೋಜಲಾಗುತ್ತದೆ. ಸಣ್ಣಕ್ಷರ ಯಾಕೆಂದರೆ, ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ಎಂದು ಭೇದ ಮಾಡುವುದಿಲ್ಲ, ಸರ್ವರಿನ ಲಿನಕ್ಸ್ ಮಾಡುತ್ತದೆ. ಮನೆಯಲ್ಲಿ ಕಂಡ ಚಿತ್ರ ಸೈಟಿನಲ್ಲಿ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅಕ್ಷರವೆಲ್ಲ ಕಲಸುಮೇಲೋಗರವಾಗಿ ಕಂಡರೆ ಪುಟದ ಅಕ್ಷರಗಳ ಸಂಕೇತ ಪದ್ಧತಿ ಯುಟಿಎಫ್-8 ಎಂದು ಸಾರುವ ಮೆಟಾ ಸಾಲು ಇಲ್ಲ, ಅಥವಾ ಬಹಳ ಕೆಳಗಿದೆ. ಅದು ಫೈಲಿನ ಮೊದಲ 1024 ಬೈಟ್‌ಗಳೊಳಗೆ ಇರಬೇಕು. ಒಂದು ಕನ್ನಡ ಚಿಹ್ನೆಗೆ 3 ಬೈಟ್, ಹಾಗಾಗಿ ಅದರ ಮೇಲೆ ಪ್ರೀತಿಯಿಂದ ಬರೆದ 340 ಚಿಹ್ನೆಯ ಕಾಮೆಂಟೇ ಅದನ್ನು ಹೊರಗೆ ದಬ್ಬಲು ಸಾಕು.

ಬದಲಾಯಿಸಿದ್ದು ಕಾಣದಿದ್ದರೆ ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ. ಗಿಟ್‌ಹಬ್ ಪೇಜಸ್‌ನಲ್ಲಿ ಸೈಟ್ ಇಟ್ಟಿದ್ದರೆ ಹಳೆಯ ಪ್ರತಿ 10 ನಿಮಿಷ ಕ್ಯಾಶ್‌ನಲ್ಲಿ (ಪ್ರತಿಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗದಲ್ಲಿ) ಉಳಿಯಬಹುದು. ಆ ಹತ್ತು ನಿಮಿಷದಲ್ಲಿ ಗಾಬರಿಯಾಗಿ ಇನ್ನೆರಡು ಕಡೆ ತಿದ್ದಿ ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುವವರೇ ಹೆಚ್ಚು. ಚಹಾಕ್ಕೆ ಇಡಿ, ಸಂಗೀತ ಕೇಳಿ.

ಸೈಟಿಗೇ ಒಂದು ಶ್ರುತಿ

ಈಗ ಎರಡನ್ನೂ ಒಂದು ಮಾಡೋಣ: ಸೈಟಿನ ಒಂದು ಪುಟದಲ್ಲಿ ಒಂದು ಗುಂಡಿ, ಒತ್ತಿದರೆ ಬ್ರೌಸರೇ ಶ್ರುತಿ ಹುಟ್ಟಿಸುತ್ತದೆ. ಆಡಿಯೊ ಫೈಲ್ ಏನೂ ಬೇಡ. ಬೇರೆಯವರ ಸಂಗೀತವನ್ನು ನಿಮ್ಮ ಸೈಟಿಗೆ ಏರಿಸುವುದು ಹಕ್ಕಿನ ತಕರಾರು. ಇಲ್ಲಿ ಆ ತಾಪತ್ರಯವಿಲ್ಲ, ಎಲ್ಲ ಸೇರಿ ಕೋಡಿನ ಗಾತ್ರ ಒಂದು ಮೊಬೈಲ್ ಫೋಟೊದ ನೂರರಲ್ಲೊಂದು ಪಾಲೂ ಇರುವುದಿಲ್ಲ.

ಬ್ರೌಸರಿನಲ್ಲಿ ಇದಕ್ಕೆ ವೆಬ್ ಆಡಿಯೊ ಎಂಬ ವ್ಯವಸ್ಥೆ ಇದೆ. ಆಸಿಲೇಟರ್ ಸ್ವರ ಹುಟ್ಟಿಸುತ್ತದೆ, ಗೇನ್ ಅದರ ದನಿ ಏರಿಳಿಸುತ್ತದೆ, ಫಿಲ್ಟರ್ ಚೂಪು ಕಡಿಮೆ ಮಾಡುತ್ತದೆ. ಹಾರ್ಮೋನಿಯಂ ಗೊತ್ತಿದ್ದವರಿಗೆ: ಮರಾಠಿ ಬಳಗದಲ್ಲಿ ‘ಕಾಳಿ ಏಕ್’ ಎನ್ನುವ ಕರಿ ಒಂದರ ಷಡ್ಜ 138.59 ಹರ್ಟ್ಸ್. ಆಸಿಲೇಟರ್ ನಾಲ್ಕು ಮಾಡಿ. ಮೊದಲನೆಯದು 138.59, ಎರಡನೆಯದು 138.79, ಮೂರನೆಯದು ಪಂಚಮ, ನಾಲ್ಕನೆಯದು ತಾರ ಷಡ್ಜ 277.18. ಪಂಚಮಕ್ಕೆ ಕೀಬೋರ್ಡಿನ 207.65 ಹಾಕಬೇಡಿ, ಷಡ್ಜವನ್ನು 1.5ರಿಂದ ಗುಣಿಸಿ 207.89 ಹಾಕಿ. ಕಾಲು ಹರ್ಟ್ಸಿನ ವ್ಯತ್ಯಾಸ, ಆದರೆ ತಂಬೂರಿ ಕೇಳಿ ಬೆಳೆದ ಕಿವಿಗೆ ಅದು ಕೂರುವುದಿಲ್ಲ. ಎರಡು ಷಡ್ಜದ ನಡುವೆ ಬೇಕೆಂದೇ 0.2 ಹರ್ಟ್ಸ್ ಬಿಟ್ಟದ್ದರಿಂದ 5 ಸೆಕೆಂಡಿಗೊಮ್ಮೆ ದನಿ ತಾನೇ ಉಬ್ಬಿ ತಗ್ಗುತ್ತದೆ. ಆ ವ್ಯತ್ಯಾಸವನ್ನು 2 ಹರ್ಟ್ಸ್ ಮಾಡಿದರೆ ಸೆಕೆಂಡಿಗೆ ಎರಡು ಸಲ ನಡುಗಿ ತಲೆನೋವು ಬರುತ್ತದೆ.

ತರಂಗದ ಆಕಾರ ಟ್ರಯಾಂಗಲ್ ಇರಲಿ. ಸೈನ್ ಹಾಕಿದರೆ ಹೆಡ್‌ಫೋನಿನಲ್ಲಿ ಕೇಳಿದ ಷಡ್ಜ ಲ್ಯಾಪ್‌ಟಾಪಿನಲ್ಲಿ ಮಾಯವಾಗಬಹುದು, ಏಕೆಂದರೆ ಅದರ ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ನುಡಿಸಲಾರದು. ಟ್ರಯಾಂಗಲ್‌ನಲ್ಲಿ ಮೂರು ಪಟ್ಟು ಮೇಲಿನ 416 ಹರ್ಟ್ಸ್ ಕೂಡ ಇರುತ್ತದೆ, ಕಿವಿ ಅದರಿಂದ ಷಡ್ಜವನ್ನು ಹಿಡಿಯುತ್ತದೆ. ಎಲ್ಲದರ ಕೊನೆಗೆ ಮೇಲಿನ ಸ್ವರಗಳನ್ನು ತಗ್ಗಿಸುವ ಒಂದು ಲೋಪಾಸ್ ಫಿಲ್ಟರ್, 900 ಹರ್ಟ್ಸ್‌ಗೆ.

ಇಷ್ಟಕ್ಕೆ ಬಿಟ್ಟರೆ ಅದು ಫ್ರಿಜ್ಜಿನ ಸದ್ದು. ಜೀವ ಬರುವುದು ಸ್ವರಗಳು ಬೇರೆ ಬೇರೆ ಹೊತ್ತಿಗೆ ಏರಿಳಿದಾಗ. ಈನೊ 1978ರಲ್ಲಿ ಇದನ್ನು ಟೇಪಿನ ಸುರುಳಿಗಳಲ್ಲಿ ಮಾಡಿದ್ದರು: ಒಂದರ ಉದ್ದ ಇನ್ನೊಂದಕ್ಕೆ ಹೊಂದದ ಹಾಗೆ ಕತ್ತರಿಸಿ ಒಟ್ಟಿಗೆ ತಿರುಗಲು ಬಿಟ್ಟರೆ ಸ್ವರಗಳು ಪ್ರತಿ ಸಲ ಹೊಸ ಜಾಗದಲ್ಲಿ ಸಂಧಿಸುತ್ತವೆ. ನಾವು ಮೂರು ಅವಿಭಾಜ್ಯ ಸಂಖ್ಯೆ ಹಿಡಿಯೋಣ. ಷಡ್ಜದ ಜೋಡಿಗೆ 17 ಸೆಕೆಂಡು, ಪಂಚಮಕ್ಕೆ 23, ತಾರ ಷಡ್ಜಕ್ಕೆ 29. ಮೂರನ್ನೂ ಗುಣಿಸಿದರೆ 11,339 ಸೆಕೆಂಡು. ಅಂದರೆ ಶುರುವಾದ ಸ್ಥಿತಿಗೆ ಅವು ಮತ್ತೆ ಒಟ್ಟಿಗೆ ಬರುವುದು 3 ಗಂಟೆ 8 ನಿಮಿಷ 59 ಸೆಕೆಂಡಿನ ಮೇಲೆ. 16, 24, 32 ಎಂದು ಚೊಕ್ಕ ಅಂಕಿ ಹಾಕಿ ನೋಡಿ, 96 ಸೆಕೆಂಡಿಗೇ ಸುತ್ತು ಮುಗಿದು ಬೇಸರ ಹಿಡಿಯುತ್ತದೆ.

ಈ ಏರಿಳಿತಕ್ಕೂ ಆಸಿಲೇಟರನ್ನೇ ಬಳಸಿ. 17 ಸೆಕೆಂಡಿಗೆ 1 ಭಾಗಿಸು 17, ಅಂದರೆ 0.0588 ಹರ್ಟ್ಸಿನ ಸೈನ್ ತರಂಗ. ಅದನ್ನು 0.04ರ ಇನ್ನೊಂದು ಗೇನ್ ಮೂಲಕ ಹಾಯಿಸಿ, ಷಡ್ಜದ ಗೇನಿನ ಮೌಲ್ಯಕ್ಕೆ ಜೋಡಿಸಿ. ಷಡ್ಜದ ಗೇನ್ ಮೂಲದಲ್ಲಿ 0.05 ಇದ್ದರೆ ದನಿ 0.01ರಿಂದ 0.09ರ ನಡುವೆ ಓಡಾಡುತ್ತದೆ. ಮಿಕ್ಕೆರಡಕ್ಕೂ ಇದೇ ಅಳತೆ. ಈ 0.04ರ ಆಳ ಮೂಲ ಗೇನಿಗಿಂತ ದೊಡ್ಡದಾಗಬಾರದು. ಹಾಗೇನಾದರೂ ಆದಲ್ಲಿ ಮೌಲ್ಯ ಸೊನ್ನೆಗಿಂತ ಕೆಳಗಿಳಿದು, ತಗ್ಗಬೇಕಾದ ಜಾಗದಲ್ಲಿ ದನಿ ಮತ್ತೆ ಉಬ್ಬುತ್ತದೆ. ನಾಲ್ಕೂ ಸ್ವರ ಒಟ್ಟಿಗೆ ತುದಿಗೇರಿದರೂ ಮೊತ್ತ 0.36, ಒಂದನ್ನು ಮುಟ್ಟುವುದಿಲ್ಲ, ಹಾಗಾಗಿ ಒಡಕು ಬರುವುದಿಲ್ಲ. ಇದೇ ಕೆಲಸವನ್ನು ಟೈಮರಿನಿಂದ ಮಾಡಲು ಹೋದವರಿಗೆ ಒಂದು ಕಾಟ ಕಾದಿದೆ: ಬೇರೆ ಟ್ಯಾಬಿಗೆ ಹೋದ ಕೂಡಲೇ ಬ್ರೌಸರ್ ಟೈಮರುಗಳನ್ನು ನಿಧಾನ ಮಾಡಬಹುದು, ದನಿ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಆಸಿಲೇಟರ್ ಹಾಗಲ್ಲ, ನೀವು ಎಡಿಟರಿನಲ್ಲಿದ್ದರೂ ತನ್ನ ಪಾಡಿಗೆ ನಡೆಯುತ್ತದೆ.

ಪುಟ ತೆರೆದ ಕೂಡಲೇ ಸದ್ದು ಬರುವಂತೆ ಮಾಡಬೇಡಿ. ಓದುಗ ಲೋಕಲ್ ರೈಲಿನಲ್ಲಿ ನಿಂತಿರಬಹುದು. ಮಾಡಿದರೂ ಬ್ರೌಸರ್ ಬಿಡುವುದಿಲ್ಲ, ಓದುಗ ಏನನ್ನಾದರೂ ಒತ್ತುವ ತನಕ ಆಡಿಯೊ ಕಾಂಟೆಕ್ಸ್ಟ್ (ಈ ಸ್ವರಗಳೆಲ್ಲ ನಡೆಯುವ ವೆಬ್ ಆಡಿಯೊದ ಚೌಕಟ್ಟು) ತಡೆಹಿಡಿದ ಸ್ಥಿತಿಯಲ್ಲೇ ಇರುತ್ತದೆ. ‘ಕೋಡೆಲ್ಲ ಸರಿಯಿದೆ, ಸದ್ದೇ ಇಲ್ಲ’ ಎನ್ನುವ ಗೋಳಿಗೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಗುಂಡಿಯ ಮೇಲೆ ‘ಶ್ರುತಿ ಹಚ್ಚಿ’ ಎಂದು ಬರೆದು, ಕಾಂಟೆಕ್ಸ್ಟನ್ನು ಆ ಕ್ಲಿಕ್ಕಿನ ಒಳಗೇ ಹುಟ್ಟಿಸಿ.

ಶುರುವಿನಲ್ಲಿ ಟಪ್ ಎಂದರೆ ತರಂಗ ಒಮ್ಮೆಲೇ ಎದ್ದಿದೆ ಎಂದರ್ಥ. ಎಲ್ಲದರ ಮೇಲೊಂದು ಮಾಸ್ಟರ್ ಗೇನ್ ಇಟ್ಟು ಸೊನ್ನೆಯಿಂದ 1ಕ್ಕೆ 4 ಸೆಕೆಂಡಿನಲ್ಲಿ ನೇರ ಗೆರೆಯಲ್ಲಿ ಏರಿಸಿ. ಹೆಜ್ಜೆ ಹೆಜ್ಜೆಗೂ ಗುಣಿಸುತ್ತ ಹೋಗುವ ಎಕ್ಸ್‌ಪೊನೆನ್ಶಿಯಲ್ ಏರಿಕೆಗೆ ಸೊನ್ನೆ ಆಗಿಬರುವುದಿಲ್ಲ. ಅದೇ ಬೇಕೆಂದರೆ 0.0001ರಿಂದ ಹೊರಡಿ. ನಿಲ್ಲಿಸುವಾಗ ಮೊದಲು ಹಿಂದಿನ ಸೂಚನೆಗಳನ್ನು ರದ್ದು ಮಾಡಿ, ಆ ಕ್ಷಣದ ಮೌಲ್ಯವನ್ನು ಗೊತ್ತುಮಾಡಿ, ಆಮೇಲೆ 3 ಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಿ. ಈ ನಡುವಿನ ಹೆಜ್ಜೆ ಮರೆತರೆ ದನಿ ಒಮ್ಮೆ ಜಿಗಿದು ಇಳಿಯುತ್ತದೆ. ಇಳಿದ ಮೇಲೆ ಆಸಿಲೇಟರುಗಳನ್ನು ನಿಲ್ಲಿಸಬೇಡಿ, ಕಾಂಟೆಕ್ಸ್ಟನ್ನು ಸಸ್ಪೆಂಡ್ ಮಾಡಿ. ಒಮ್ಮೆ ನಿಂತ ಆಸಿಲೇಟರ್ ಮತ್ತೆ ಏಳುವುದಿಲ್ಲ, ಎರಡನೆಯ ಸಲ ಗುಂಡಿ ಒತ್ತಿದಾಗ ಬರೀ ಎರರ್ ಬರುತ್ತದೆ.

ಆಸಿಲೇಟರಿನ ಬದಲು ಮನೆಯ ತಂಬೂರಿಯನ್ನೋ, ಕಿಟಕಿಯ ಮಳೆಯನ್ನೋ ಮೊಬೈಲಿನಲ್ಲಿ ಮುದ್ರಿಸಿ ಸುತ್ತಿಸುವ ಆಸೆಯಿದ್ದರೆ, ಎಂಪಿ3 ಬೇಡ. ಆ ಎನ್‌ಕೋಡಿಂಗ್ ತುದಿಗಳಲ್ಲಿ ಚೂರು ಮೌನ ಸೇರಿಸುತ್ತದೆ, ಪ್ರತಿ ಸುತ್ತಿಗೂ ಬಿಕ್ಕಳಿಕೆ ಬರುತ್ತದೆ. 20 ಸೆಕೆಂಡಿನ ಮೊನೊ ವೇವ್ ಫೈಲ್, 44.1 ಕಿಲೊಹರ್ಟ್ಸ್, 16 ಬಿಟ್, ಸುಮಾರು 1.8 ಎಂಬಿ ಆಗುತ್ತದೆ, ಅಷ್ಟು ಸಹಿಸಬಹುದು. ಇಲ್ಲೊಂದು ಎಚ್ಚರ: ಫೋಲ್ಡರಿನಿಂದ ಪುಟವನ್ನು ನೇರವಾಗಿ ತೆರೆದರೆ ಬ್ರೌಸರ್ ಆ ಫೈಲ್ ಓದಲು ಬಿಡುವುದಿಲ್ಲ. ಪೈಥಾನ್ ಜೊತೆಗೇ ಬರುವ ಪುಟ್ಟ ಸರ್ವರನ್ನು 8000 ಪೋರ್ಟಿನಲ್ಲಿ ಓಡಿಸಿ, ಅಲ್ಲಿಂದ ತೆರೆಯಿರಿ.

ಏರಿಸಿದ ಮೇಲೆ ಒಂದು ಆಂಡ್ರಾಯ್ಡ್, ಒಂದು ಐಫೋನ್ ಎರಡರಲ್ಲೂ ನೋಡಿ. ಐಫೋನಿನಲ್ಲಿ ಸದ್ದೇ ಬರದಿದ್ದರೆ ಕೋಡ್ ಮುಟ್ಟುವ ಮುಂಚೆ ಪಕ್ಕದ ಸೈಲೆಂಟ್ ಗುಂಡಿ ನೋಡಿ. ಸೈಲೆಂಟಿನಲ್ಲಿದ್ದರೆ ವೆಬ್ ಆಡಿಯೊ ಬಾಯಿ ಮುಚ್ಚುತ್ತದೆ. ಗುಂಡಿಯ ಕೆಳಗೆ ಸಣ್ಣಕ್ಷರದಲ್ಲಿ ‘ಸದ್ದು ಬರದಿದ್ದರೆ ಫೋನಿನ ಸೈಲೆಂಟ್ ತೆಗೆಯಿರಿ’ ಎಂದು ಒಂದು ಸಾಲು ಹಾಕಿಬಿಡಿ.